ಬಾಣಂತಿ ಕೊಕ್ಕರೆಯ ಪಟ

"ಇದ್ರಲ್ಲಿ ಯಾರವ್ರೆ ಅಯ್ನೋರೆ?"

ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಫೋಟೋ ಅಂಗಡಿ ಇಟ್ಟುಕೊಂಡಿದ್ದ ಕಸ್ತೂರಿರಂಗನಿಗೆ ಈ ಒಂದು ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಅಂಗಡಿಯ ಗೋಡೆಯ ತುಂಬ ಅವನು ತೆಗೆದ ಪಟಗಳೇ. ಅರ್ಧ ಗೋಡೆ ಮನುಷ್ಯರದು. ಪೇಟ ಸುತ್ತಿದ ಪಟೇಲರು, ಕುರ್ಚಿಯ ಮೇಲೆ ಕೂತ ಗಂಡ, ಪಕ್ಕದಲ್ಲಿ ಬೊಂಬೆಯ ಹಾಗೆ ನಿಂತ ಹೆಂಡತಿ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೊಸದಾಗಿ ಬಂದ ಇಂಜಿನಿಯರುಗಳು. ಇನ್ನರ್ಧ ಗೋಡೆಯಲ್ಲಿ ಮನುಷ್ಯರ ಸುಳಿವೇ ಇರಲಿಲ್ಲ. ಶಿಂಷಾ ಹೊಳೆಯ ಬಂಡೆಯ ಮೇಲೆ ರೆಕ್ಕೆ ಒಣಗಿಸುತ್ತಿರುವ ನೀರುಕಾಗೆ, ವೈದ್ಯನಾಥಪುರದ ಗುಡಿಯ ಹಿಂದಿನ ಮಡುವಿನಲ್ಲಿ ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿ, ಹೊಸ ನಾಲೆಯ ಏರಿಯ ಮೇಲೆ ಬೆಳಗಿನ ಮಂಜು. ಬಂದವರು ಮನುಷ್ಯರನ್ನೆಲ್ಲ ಕಣ್ಣರಳಿಸಿ ನೋಡಿ ಮುಗಿಸಿ, ಬೆಳ್ಳಕ್ಕಿಯ ಮುಂದೆ ನಿಂತು, ಅದರ ಹಿಂದೆ ಯಾರಾದರೂ ಅವಿತಿದ್ದಾರೇನೋ ಎಂಬಂತೆ ಬಗ್ಗಿ ಹುಡುಕಿ, ಕೊನೆಗೆ ಆ ಪ್ರಶ್ನೆ ಕೇಳುತ್ತಿದ್ದರು.

"ಯಾರೂ ಇಲ್ಲ ಕಣಯ್ಯ."

"ಯಾರೂ ಇಲ್ದಿದ್ ಮ್ಯಾಕೆ ಕಟ್ಟು ಯಾಕೆ ಆಕ್ಸಿದೀರಿ?"

ಹೇಳಿ, ಇಂಥ ಊರಿನಲ್ಲಿ ಬಾಳುವವನಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಅವನೇನು ಊರಿಗೆ ಕೆಟ್ಟದ್ದು ಬಯಸಿದವನಲ್ಲ. ಹೊತ್ತು ಹುಟ್ಟುವ ಮೊದಲೇ ಮೂರು ಕಾಲಿನ ಸ್ಟ್ಯಾಂಡನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊಳೆಯ ಕಡೆ ಹೊರಡುತ್ತಿದ್ದ. ಅಷ್ಟಕ್ಕೇ ಜನ ಅವನಿಗೆ ಕೊಕ್ಕರೆ ಅಯ್ಯಂಗಾರ್ ಎಂದು ಹೆಸರಿಟ್ಟರು. ಇಟ್ಟದ್ದಲ್ಲದೆ, "ಏನ್ ಸಾಮಿ, ಒಂದಾದ್ರೂ ಬಿತ್ತಾ?" ಎಂದು ಕೇಳಿ ಬಾಯಿ ಚಪ್ಪರಿಸಿ ತೋರಿಸುವರು. ಈರುಳ್ಳಿಯನ್ನೂ ಮುಟ್ಟದ ಮನೆತನದವನು ಬೆಳಗಾಗೆದ್ದು ಈ ಮಾತು ಕೇಳಬೇಕಾಗಿತ್ತು.

ಪಟದ ಹುಚ್ಚು ಅವನಿಗೆ ಹತ್ತಿದ್ದು ಕ್ಯಾಮೆರಾದಿಂದಲ್ಲ, ಗುಡಿಯಿಂದ. ತಂದೆ ಪಾರ್ಥಸಾರಥಿಗಳು ಅರ್ಚಕರು, ದೇವರ ಅಲಂಕಾರದಲ್ಲಿ ಎತ್ತಿದ ಕೈ. ಚಿಕ್ಕಂದಿನಲ್ಲಿ ಕಸ್ತೂರಿರಂಗ ಅವರ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಲ್ಲಬೇಕಾಗಿತ್ತು. ತಂದೆ ಬೈಯುತ್ತಿದ್ದರು: "ದೀಪ ಎದುರಿಗೆ ಹಿಡೀಬೇಡವೋ, ಪಕ್ಕಕ್ಕೆ ತಾ. ಎದುರಿಗೆ ಹಿಡಿದರೆ ಕಲ್ಲು ಕಾಣುತ್ತೆ, ಪಕ್ಕಕ್ಕೆ ಹಿಡಿದರೆ ಸ್ವಾಮಿ ಕಾಣ್ತಾನೆ." ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಂತೆ ಕತ್ತಲಲ್ಲಿದ್ದ ಕಲ್ಲಿಗೆ ಮೂಗು ಮೂಡುತ್ತಿತ್ತು, ತುಟಿ ಮೂಡುತ್ತಿತ್ತು, ಆಮೇಲೆ ಯಾರೋ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಮಂತ್ರ ಒಂದೂ ತಲೆಗೆ ಹತ್ತಲಿಲ್ಲ, ಆದರೆ ಈ ಪಾಠ ಮಾತ್ರ ಮರೆಯಲಿಲ್ಲ. ಮುಂದೆ ಅವನು ತೆಗೆದ ಪ್ರತಿಯೊಂದು ಹಕ್ಕಿಯ ಮೇಲೂ ಬೆಳಕು ಪಕ್ಕದಿಂದಲೇ ಬಿತ್ತು.

ಪೂಜೆ ಒಲ್ಲೆನೆಂದು ಮೈಸೂರಿಗೆ ಹೋಗಿ ಒಂದು ಸ್ಟುಡಿಯೋದಲ್ಲಿ ಫೋಟೋದ ಗಾಜಿನ ಪ್ಲೇಟು ತೊಳೆಯುವ ಕೆಲಸಕ್ಕೆ ಸೇರಿದ. ಅಲ್ಲಿ ಜನರನ್ನು ಕೂರಿಸುವ ಜಾಗದ ಹಿಂದೆ ಒಂದು ಬಣ್ಣದ ಪರದೆ ಇತ್ತು. ಅಮೃತಶಿಲೆಯ ಮೆಟ್ಟಿಲು, ಕೊಳ, ಕೊಳದಲ್ಲಿ ಎರಡು ಹಂಸ. ಹಂಸಗಳಿಗೆ ಗಿಣಿಯ ಕೊಕ್ಕು ಬರೆದಿದ್ದರು. ದಿನವೂ ಅದನ್ನೇ ನೋಡಿ ನೋಡಿ ಅವನಿಗೆ ಸಾಕಾಗಿತ್ತು. ಒಮ್ಮೆ ಯಜಮಾನರಿಗೆ ಹೇಳಿಯೂ ಹೇಳಿದ. "ಹಂಸ ನೋಡೋಕೆ ಯಾರು ಬರ್ತಾರಯ್ಯ ಇಲ್ಲಿಗೆ? ಅದರ ಮುಂದೆ ಕೂತೋರು ತಮ್ಮ ಮೀಸೆ ನೋಡಿಕೊಳ್ತಾರೆ" ಎಂದರು ಅವರು. ಆವತ್ತು ಸಂಜೆ ಕೆರೆಯ ದಂಡೆಗೆ ಹೋದ, ನಿಜವಾದ ಹಕ್ಕಿಯ ಕೊಕ್ಕು ಹೇಗಿರುತ್ತದೆಂದು ನೋಡಲು. ಹೋದವನು ಮನಸ್ಸಿನಲ್ಲಿ ಅಲ್ಲಿಂದ ಮರಳಿ ಬರಲೇ ಇಲ್ಲವೆನ್ನಬೇಕು.

ಮದ್ದೂರಿಗೆ ಬಂದು ಸ್ವಂತ ಅಂಗಡಿ ತೆರೆದ ಮೇಲೆ ಪಕ್ಕದಂಗಡಿಯ ಹಮೀದ್ ಸ್ನೇಹಿತನಾದ. ಹಮೀದ್ ಪಟಗಳಿಗೆ ಕಟ್ಟು ಹಾಕುವವನು. ಅವನಿಗೆ ಬೊಂಬಾಯಿಯಿಂದ ಬರುತ್ತಿದ್ದ ಗಾಜಿನ ಹಲಗೆಗಳ ನಡುವೆ ಒಡೆಯದಿರಲೆಂದು ಹಳೆಯ ಇಂಗ್ಲಿಷ್ ವಾರಪತ್ರಿಕೆಗಳ ಹಾಳೆ ಸೇರಿಸಿರುತ್ತಿದ್ದರು. ಅಂಥ ಒಂದು ಸುಕ್ಕುಗಟ್ಟಿದ ಹಾಳೆಯಲ್ಲಿ ಕಸ್ತೂರಿರಂಗ ಆ ಪಟ ಕಂಡ. ಯಾವುದೋ ದೇಶದ ಬಕಪಕ್ಷಿ ಗೂಡಿನಲ್ಲಿ ಮರಿಗೆ ಉಣಿಸುತ್ತಿತ್ತು. ಪಟದ ಕೆಳಗೆ ಸಣ್ಣಕ್ಷರದಲ್ಲಿ ಒಬ್ಬ ಮನುಷ್ಯನ ಹೆಸರು. ಹಕ್ಕಿಯ ಪಟದ ಕೆಳಗೆ ತೆಗೆದವನ ಹೆಸರು! ಹಾಳೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ನೇರ ಮಾಡಿ ಕತ್ತಲೆ ಕೋಣೆಯ ಬಾಗಿಲಿಗೆ ಅಂಟಿಸಿದ. ಅಲ್ಲಿಂದ ಮುಂದೆ ಅವನಿಗೆ ಬೇಕಾದದ್ದು ಒಂದೇ. ಗೂಡಿನಲ್ಲಿ ಮರಿಗಳೊಡನೆ ಇರುವ ಹಕ್ಕಿಯ ಒಂದು ಪಟ, ಅದನ್ನು ನಾಲ್ಕು ಜನ ನಿಂತು ನೋಡುವ ಗೋಡೆ, ಅದರ ಕೆಳಗೆ ಕಸ್ತೂರಿರಂಗ ಎಂಬ ಹೆಸರು. ಅಷ್ಟು ಆದರೆ ಈ ಮದ್ದೂರಿನವರ ಬಾಯಿಗೆ ಬೀಗ ಬೀಳುತ್ತದೆ ಎಂದು ನಂಬಿದ್ದ.

ಅಂಗಡಿ ನಡೆಯುತ್ತಿದ್ದದ್ದು ಅವನ ಹೆಂಡತಿಯಿಂದ ಎಂದರೆ ಅವನಿಗೆ ಕೋಪ ಬರುತ್ತಿತ್ತು, ಆದರೆ ನಿಜ ಅದೇ. ಚೂಡಾಮಣಿ ಮಳವಳ್ಳಿಯ ಮೇಷ್ಟರ ಮಗಳು. ಎರಡು ಹೆಣ್ಣುಮಕ್ಕಳನ್ನು ಹೆತ್ತು, ಸಾಕಿ, ಮಡಿ ಮೈಲಿಗೆಯ ಮನೆ ತೂಗಿಸಿಕೊಂಡು, ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ಗಾಜಿನ ಪ್ಲೇಟುಗಳನ್ನು ತಿದ್ದುತ್ತಿದ್ದಳು. ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಪಟೇಲರ ಸಿಡುಬಿನ ಕಲೆ ಮುಚ್ಚುವಳು, ಸಾಹುಕಾರರ ಕಣ್ಣಡಿಯ ಚೀಲ ಇಳಿಸುವಳು, ಮದುವೆಗಿದ್ದ ಹುಡುಗಿಯರ ಗಲ್ಲ ತುಂಬುವಳು. ಜನ ಹಲ್ಲು ಕಿರಿದು ಪಟ ತೆಗೆದುಕೊಂಡು ಹೋಗುತ್ತಿದ್ದದ್ದು ಈ ಪೆನ್ಸಿಲಿನಿಂದಾಗಿ. ಕ್ಯಾಮೆರಾವನ್ನು ಮಾತ್ರ ಕಸ್ತೂರಿರಂಗ ಅವಳಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಧೂಳು ಒರೆಸಲು ಹೋದರೂ, "ಲೇ ಇವಳೇ, ಕೈ ತೆಗಿ" ಎಂದು ಒಳಗಿಂದಲೇ ಕೂಗುತ್ತಿದ್ದ.

ಒಂದು ಸಂಕ್ರಾಂತಿಯ ಆಸುಪಾಸಿನಲ್ಲಿ, ಮಳವಳ್ಳಿಯಲ್ಲಿ ವರ್ಗವಾಗಿ ಹೊರಟ ಅಧಿಕಾರಿಯೊಬ್ಬರ ಗುಂಪಿನ ಪಟ ತೆಗೆದು ಬಸ್ಸಿನಲ್ಲಿ ವಾಪಸು ಬರುತ್ತಿದ್ದ. ಹೊಳೆಯ ಹತ್ತಿರ ಇಂಜಿನ್ನಿಗೆ ನೀರು ಹಾಕಲು ಬಸ್ಸು ನಿಂತಿತು. ಕೆಳಗಿಳಿದು ತಲೆ ಎತ್ತಿದರೆ, ಕೊಕ್ಕಿನಲ್ಲಿ ಕಡ್ಡಿ ಕಚ್ಚಿಕೊಂಡು ಕೊಕ್ಕರೆಗಳು ಸಾಲಾಗಿ ಹಾರುತ್ತಿದ್ದವು. ಬಸ್ಸನ್ನು ಅದರ ಪಾಡಿಗೆ ಬಿಟ್ಟು ಅವುಗಳ ಹಿಂದೆ ನಡೆದ. ಹುಣಸೇದೊಡ್ಡಿ ಎಂಬ ಹಳ್ಳಿ ಸಿಕ್ಕಿತು. ಊರ ನಡುವೆ ದೊಡ್ಡ ದೊಡ್ಡ ಹುಣಸೇಮರ, ಮರದ ತುಂಬ ಗೂಡು, ಗೂಡಿನ ತುಂಬ ಕೊಕ್ಕರೆ. ಕೆಳಗೆ ಹೆಂಗಸರು ರಾಗಿ ಕೇರುತ್ತಿದ್ದರು, ಎಮ್ಮೆ ಮಲಗಿತ್ತು, ಯಾರಿಗೂ ಯಾರ ಪರಿವೆಯೂ ಇಲ್ಲ. ಇಷ್ಟು ವರ್ಷ ಕೆಸರಿನಲ್ಲಿ ಮೊಣಕಾಲುದ್ದ ಹೂತು ಬಕಧ್ಯಾನ ಮಾಡಿದವನು ಬಾಯಿ ತೆರೆದು ನಿಂತುಬಿಟ್ಟ. ಒಂದು ಮರದ ಕೊಂಬೆಯಂತೂ ಒಂದು ಮಣ್ಣಿನ ಮಾಳಿಗೆಯ ಮೇಲೇ ವಾಲಿತ್ತು. ಮಾಳಿಗೆ ಹತ್ತಿ ನಿಂತರೆ ಗೂಡು ಎದೆಯ ಎತ್ತರಕ್ಕೆ ಸಿಗುತ್ತಿತ್ತು, ಎರಡು ಮಾರು ದೂರದಲ್ಲಿ.

ಆ ಮನೆ ಮಾಯಮ್ಮನದು. ಗಟ್ಟಿ ಹೆಂಗಸು, ಗಟ್ಟಿ ದನಿ. ಗೂಡಿನಲ್ಲಿ ಮೊಟ್ಟೆಯೊಡೆದು ಮರಿ ಬಂದಿವೆಯೆಂದು ತಿಳಿದ ಮೇಲೆ ಕಸ್ತೂರಿರಂಗ ಕ್ಯಾಮೆರಾ ಹೊತ್ತುಕೊಂಡು ಅವಳ ಅಂಗಳದಲ್ಲಿ ಬಂದು ನಿಂತ.

"ಏನಯ್ಯ ಅದು, ಮೂರು ಕಾಲಿಂದು?"

"ಪಟ ತೆಗೆಯೋದು ಕಣಮ್ಮ. ನಿಮ್ಮ ಮಾಳಿಗೆ ಹತ್ತಿ ಕೊಕ್ಕರೆ ಪಟ ತೆಗೀತೀನಿ."

ಮಾಯಮ್ಮ ಮೊರ ಕೆಳಗಿಟ್ಟಳು. "ಬಾಣ್ತೀರು ಕಣಯ್ಯ ಅವ್ರು. ಎರಿಗೇಗೆ ಅಂತ ತವರಿಗೆ ಬಂದವ್ರೆ. ಬಾಣ್ತಿ ನೋಡಕ್ಕೆ ಬರಿಗೈಲಿ ಬತ್ತಾರಾ? ಓದಿದೋನಂಗೆ ಕಾಣ್ತೀಯ, ಅಷ್ಟೂ ಗೊತ್ತಾಗಕಿಲ್ವಾ?"

ಕಸ್ತೂರಿರಂಗ ಮೊದಲು ನಕ್ಕ. ಅವಳು ನಗಲಿಲ್ಲ. ಪಕ್ಕದ ಮನೆಯವರೂ ನಗಲಿಲ್ಲ. ಆ ಊರಿಗೆಲ್ಲ ಅದೇ ಲೆಕ್ಕ. ವರ್ಷ ವರ್ಷ ಬರುವ ಕೊಕ್ಕರೆಗಳು ಊರಿನ ಹೆಣ್ಣುಮಕ್ಕಳು, ಬಾಣಂತನ ಮುಗಿಸಿಕೊಂಡು ಮಕ್ಕಳ ಸಮೇತ ಹೋಗುವವರು. ಸರಿ, ಹಳ್ಳಿಯವರೊಂದಿಗೆ ವಾದ ಯಾಕೆಂದು ವಾಪಸು ಬಂದು, ಮುಂದಿನ ವಾರ ಬಾಣಂತಿಗೆ ಒಯ್ಯುವ ಕೊಬ್ಬರಿ, ಬೆಲ್ಲ, ತುಪ್ಪ ಕಟ್ಟಿಸಿಕೊಂಡು ಹೋದ. ಮಾಯಮ್ಮ ಗಂಟು ಬಿಚ್ಚಿ ನೋಡಿ ಹಣೆ ಹಣೆ ಬಡಿದುಕೊಂಡಳು.

"ಕೊಕ್ರೆ ಕೊಬ್ರಿ ತಿಂದದಾ? ನಿಂಗೆ ಬುದ್ದಿ ಯಾರ್ ಕೊಟ್ರಯ್ಯ? ಮೀನ್ ತತ್ತಾ, ಮೀನು!"

ಮೀನು! ತಂದೆ ಬದುಕಿದ್ದರೆ ಅವರ ಮುಂದೆ ಈ ಮಾತು ಎತ್ತುವುದಕ್ಕೂ ಅವನಿಗೆ ನಾಲಿಗೆ ಬರುತ್ತಿರಲಿಲ್ಲ. ಕಡೆಗೆ ಹಮೀದನ ಕಾಲು ಹಿಡಿಯುವುದೊಂದು ಬಾಕಿ ಉಳಿಯಿತು. ಹಮೀದ್ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹೊಳೆಯ ಬೆಸ್ತರ ಹತ್ತಿರ ಒಂದು ಬುಟ್ಟಿ ಮೀನು ಕೊಡಿಸಿ, ತಾನೇ ಹೊತ್ತು ತಂದ. ಮುಂದೆ ಹಮೀದ್ ಬುಟ್ಟಿ ಹೊತ್ತು, ಹಿಂದೆ ನಾಮ ಹಾಕಿದ ಅಯ್ಯಂಗಾರಿ ಮೂಗು ಮುಚ್ಚಿಕೊಂಡು ಕ್ಯಾಮೆರಾ ಹೊತ್ತು ಮದ್ದೂರು ಪೇಟೆ ದಾಟಿದ ದಿನ, "ಇವತ್ತು ಬಿತ್ತು ಕಣ್ರಲಾ!" ಎಂದು ಯಾರೋ ಕೂಗಿದ್ದು ಸೇತುವೆಯವರೆಗೂ ಕೇಳಿತು.

ಮಾಯಮ್ಮನಿಗೆ ಖುಷಿಯಾಯಿತು. ಗೂಡಿನಿಂದ ಬಿದ್ದಿದ್ದ ಎರಡು ಮರಿಗಳನ್ನು ಮಕ್ಕರಿಯ ಕೆಳಗಿಟ್ಟು ಸಾಕುತ್ತಿದ್ದಳು. ಅವಕ್ಕೆ ಮೀನು ಹಾಕಿದಳು. ಗೆದ್ದೆ ಅಂದುಕೊಂಡು ಕಸ್ತೂರಿರಂಗ ಏಣಿಯ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟ.

"ಎಲ್ಗಯ್ಯಾ?"

"ಮಾಳಿಗೆಗೆ. ಮೀನು ತಂದಿದೀನಲ್ಲ!"

"ಮೀನ್ ತಂದ್ರೆ ಆಯ್ತಾ? ಗಂಡ್ಸು ಬಾಣ್ತಿ ಕ್ವಾಣೆಗೆ ನುಗ್ಗಿಯಾ? ನಿಮ್ಮನೇಲಿ ಅಂಗೆ ನಡೀತದಾ?"

"ಹಕ್ಕಿ ಕಣಮ್ಮ ಅದು! ಹಕ್ಕಿ!"

"ಅಕ್ಕಿ ಆದ್ರೇನು, ಎತ್ತೋಳಲ್ವಾ? ಕರೀ ಬಟ್ಟೆ ಮುಸುಕಾಕ್ಕಂಡು ಅವಳ್ನ ಇಣುಕಿ ನೋಡ್ತೀಯಾ? ಮನೇಲಿ ಎಣ್ಣುದಿಕ್ಕಿಲ್ವಾ? ಕರ್ಕಬಾ ಓಗು. ಎಂಗಸ್ರು ಅತ್ಲಿ, ಬ್ಯಾಡ ಅನ್ನಕಿಲ್ಲ."

ಅವನು ಏಣಿಯಿಂದ ಕಾಲು ತೆಗೆದ. ತೆಗೆಯದೆ ಏನು ಮಾಡುವುದು? ತನ್ನ ಮನೆಯಲ್ಲೇ ಎರಡು ಬಾಣಂತನದಲ್ಲೂ ಅವನು ಹೊಸಿಲಿನ ಈಚೆ ನಿಂತು, ಮಗು ಕಪ್ಪೋ ಬಿಳುಪೋ ಎಂದು ಅತ್ತೆಯ ಬಾಯಿಂದ ಕೇಳಿ ತಿಳಿದವನು. ಆಗ ಅದು ಸರಿ, ಈಗ ಇದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಮೀನಿನ ವಾಸನೆಯ ಬುಟ್ಟಿ ಹೊತ್ತ ಹಮೀದ್ ಮಾತ್ರ ದಾರಿಯುದ್ದಕ್ಕೂ, "ಅವಳು ಹೇಳೋದು ಸರಿಯಾಗೇ ಇದೆಯಲ್ಲ ಅಯ್ಯಂಗಾರ್ರೆ" ಎಂದು ಗಾಯಕ್ಕೆ ಉಪ್ಪು ತಿಕ್ಕುತ್ತಲೇ ಬಂದ.

ಮನೆಗೆ ಬಂದು ಕಸ್ತೂರಿರಂಗ ಕೂಗಾಡಿದ. ಮಾಯಮ್ಮನನ್ನು ಬೈದ, ಊರನ್ನು ಬೈದ, ಹುಣಸೇಮರವನ್ನು ಬೈದ. ಮರಿಗಳು ಬೆಳೆಯುತ್ತಿವೆ, ಇನ್ನು ಕೆಲವು ದಿನ ಕಳೆದರೆ ಗೂಡಿನಲ್ಲಿ ತಾಯಿ ನಿಲ್ಲುವುದಿಲ್ಲ. ಮಂಡ್ಯದಲ್ಲಿ ಯುಗಾದಿ ಕಳೆದ ಮೇಲೆ ವಸ್ತುಪ್ರದರ್ಶನ ಇದೆ, ಪಟಗಳಿಗೆಂದೇ ಒಂದು ಕೋಣೆ ಬಿಟ್ಟಿದ್ದಾರೆ. ಈ ವರ್ಷ ತಪ್ಪಿದರೆ ತನ್ನ ಜನ್ಮದಲ್ಲಿ ಇನ್ನಿಲ್ಲ. ಚೂಡಾಮಣಿ ಕಿಟಕಿಯ ಹತ್ತಿರ ಯಾರದೋ ಮೂಗು ತಿದ್ದುತ್ತ ಕೇಳಿಸಿಕೊಂಡಳು.

"ನಾನು ಬರ್ತೀನಿ ಬಿಡಿ" ಎಂದಳು.

"ನೀನು? ನಿನಗೇನು ಗೊತ್ತು?"

"ಗಾಜಿನ ಮೇಲೆ ತಲೆಕೆಳಗಾಗಿ ಕಾಣುತ್ತೆ. ಮಸುಕು ಹೋಗೋವರೆಗೂ ತಿರುಪು ತಿರುಗಿಸಬೇಕು. ಪ್ಲೇಟು ಹಾಕಿ ಮುಚ್ಚಳ ಎಳೆದು ರಬ್ಬರ್ ಉಂಡೆ ಒತ್ತಬೇಕು. ಉಸಿರು ಬಿಡಬಾರದು. ಇಷ್ಟು ವರ್ಷ ನೀವು ಕೂಗಾಡಿದ್ದು ಈ ಮನೆ ಗೋಡೆಗೂ ಬಾಯಿಪಾಠ ಆಗಿದೆ."

ಬೇರೆ ದಾರಿ ಇರಲಿಲ್ಲ. ಮುಂದಿನ ಸಲ ಕತ್ತಲಿರುವಾಗಲೇ ಗಾಡಿ ಮಾಡಿಕೊಂಡು ಗಂಡ ಹೆಂಡತಿ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಅವನು ಒಂದೇ ಸಮನೆ ಪಾಠ ಹೇಳಿದ. ಬೆಳಗಿನ ಬಿಸಿಲು ಪಕ್ಕದಿಂದ ಬರುತ್ತದೆ, ತಂದಿರುವುದು ಎರಡೇ ಪ್ಲೇಟು, ಆಗಲೇ ಎರಡನ್ನೂ ಮುಗಿಸಬೇಕು. ಹಕ್ಕಿ ಅಡ್ಡಲಾಗಿ ನಿಂತಿರಬೇಕು, ಕತ್ತು ಎತ್ತಿರಬೇಕು. ಬಿಸಿಲು ನೆತ್ತಿಗೆ ಏರಿದರೆ ಎಲ್ಲ ಸುಣ್ಣ ಬಳಿದ ಹಾಗೆ ಆಗುತ್ತದೆ, ಕೆಲಸ ಕೆಟ್ಟಿತು. ಚೂಡಾಮಣಿ ಎಲ್ಲದಕ್ಕೂ "ಹೂಂ" ಎಂದಳು. ಈ "ಹೂಂ" ಅವನಿಗೆ ಹೊಸದಲ್ಲ. ಅದರಲ್ಲಿ ಒಪ್ಪಿಗೆ ಎಷ್ಟಿದೆ ಎಂದು ಅವನಿಗೆ ಈವರೆಗೆ ತಿಳಿದಿರಲಿಲ್ಲ.

ಮಾಯಮ್ಮ ಚೂಡಾಮಣಿಯನ್ನು ಮೇಲಿಂದ ಕೆಳಗೆ ನೋಡಿದಳು. "ಎಷ್ಟ್ ಮಕ್ಳು ಕಣವ್ವ ನಿಂಗೆ?"

"ಎರಡು ಹೆಣ್ಣು."

"ಎತ್ತವಳು. ಅಂಗಾದ್ರೆ ಅತ್ತು."

ಚೂಡಾಮಣಿ ಕಚ್ಚೆ ಬಿಗಿ ಮಾಡಿಕೊಂಡು ಏಣಿ ಹತ್ತಿದಳು. ಮಾಯಮ್ಮ ಹಿಂದಿನಿಂದ ಸ್ಟ್ಯಾಂಡು ಏರಿಸಿದಳು, ಆಮೇಲೆ ಕ್ಯಾಮೆರಾ. ತನ್ನ ಕ್ಯಾಮೆರಾ ಇನ್ನೊಬ್ಬರ ಕೈಯಿಂದ ಕೈಗೆ ಮೇಲೆ ಹೋಗುವುದನ್ನು ಕಸ್ತೂರಿರಂಗ ಅಂಗಳದಲ್ಲಿ ನಿಂತು ನೋಡಿದ. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಸಂಕಟ ಆಗಲಾರದು.

ಹೊತ್ತು ಏರಿತು. ಮೇಲಿಂದ ಸದ್ದೇ ಇಲ್ಲ.

"ಆಯ್ತೇನೇ?"

"ಇಲ್ಲ."

"ಬೆಳಕು ಹೋಗ್ತಾ ಇದೆ ಕಣೇ! ಅಡ್ಡಲಾಗಿ ನಿಂತಿದೆಯೋ ಇಲ್ವೋ?"

"ನಿಂತಿದೆ."

"ಮತ್ತೆ ಒತ್ತು!"

"ಇನ್ನೂ ಮುಖ ಬಂದಿಲ್ಲ."

"ಯಾರ ಮುಖ?"

"ಅವಳದು."

ಕಸ್ತೂರಿರಂಗ ಅಂಗಳದ ಈ ತುದಿಯಿಂದ ಆ ತುದಿಗೆ ಓಡಾಡಿದ. ಕೊಕ್ಕರೆಗೆ ಮುಖವಂತೆ, ಅದು ಬರಬೇಕಂತೆ! ಏಣಿಗೆ ಕೈ ಹಾಕಿದರೆ ಮಾಯಮ್ಮ ಒನಕೆ ಹಿಡಿದು ಅಲ್ಲೇ ನಿಂತಿದ್ದಳು. ಅಷ್ಟರಲ್ಲಿ ಮರದ ಮೇಲಿಂದ ಬಿಳಿಯದೊಂದು ಪಿಚಕ್ಕೆಂದು ಅವನ ಭುಜದ ಮೇಲೆ ಬಿತ್ತು. "ಒಳ್ಳೇದಾಯ್ತದೆ ಬುಡು" ಎಂದಳು ಮಾಯಮ್ಮ, ಎಳನೀರು ಕೆತ್ತಿ ಮುಂದೆ ಹಿಡಿದಳು. ಅದನ್ನು ಕುಡಿಯುತ್ತ ಕುಡಿಯುತ್ತ ಬೆಳಗಿನ ಬೆಳಕು ಪೂರ್ತಿ ಕೈಬಿಟ್ಟು ಹೋದದ್ದನ್ನು ಅವನು ಕಣ್ಣಾರೆ ಕಂಡ. ನೆರಳು ಗೋಡೆಯಿಂದ ಇಳಿದು ಮರದ ಬುಡಕ್ಕೆ ಬಂತು. ಬಿಸಿಲು ನೆತ್ತಿಗೆ ಬಂತು. ಇನ್ನೇನು ಇಳಿದು ಬರುತ್ತಾಳೆ, ಎರಡು ಪ್ಲೇಟಾದರೂ ಉಳಿಯಿತಲ್ಲ ಅಂದುಕೊಳ್ಳುವಷ್ಟರಲ್ಲಿ ಮೇಲೆ ಉಂಡೆ ಒತ್ತಿದ ಸದ್ದಾಯಿತು. ಸ್ವಲ್ಪ ತಡೆದು ಇನ್ನೊಮ್ಮೆ.

"ಬಂತು" ಎಂದಳು ಚೂಡಾಮಣಿ.

ಎರಡೂ ಪ್ಲೇಟು, ಸುಡು ಮಧ್ಯಾಹ್ನದಲ್ಲಿ! ಗಾಡಿಯಲ್ಲಿ ಮದ್ದೂರಿನವರೆಗೆ ಅವನು ಬೈದ ಬೈಗುಳಕ್ಕೆ ಎತ್ತುಗಳೇ ಕಿವಿ ಹಿಂದಕ್ಕೆ ಮಾಡಿಕೊಂಡವು. ಮೂರು ಸಲ ಅಲೆದೆ, ಮೀನು ಹೊರಿಸಿದೆ, ಊರ ಬಾಯಿಗೆ ಬಿದ್ದೆ, ಎಲ್ಲ ನಿನ್ನ ಕೈಯಲ್ಲಿ ಕೊಟ್ಟು ನೀರುಪಾಲಾಯಿತು ಎಂದ. ಚೂಡಾಮಣಿ ಬಿಸಿಲಿಗೆ ಕೆಂಪಾದ ಮುಖವನ್ನು ಸೆರಗಿನಿಂದ ಒರೆಸಿಕೊಂಡು, "ಒಂದು ಸಲ ತೊಳೆದು ನೋಡಿ, ಆಮೇಲೆ ಬೈಯೋದು ಇದ್ದೇ ಇದೆ" ಎಂದಳು.

ಕತ್ತಲೆ ಕೋಣೆಯ ಬಾಗಿಲು ಹಾಕಿಕೊಂಡು ಕೆಂಪು ದೀಪ ಹಚ್ಚಿ ಮೊದಲ ಪ್ಲೇಟನ್ನು ಔಷಧದ ತಟ್ಟೆಯಲ್ಲಿ ಇಳಿಸಿದ. ಪ್ಲೇಟಿನಲ್ಲಿ ಬಿಳಿಯದೆಲ್ಲ ಕಪ್ಪಾಗಿ, ಕಪ್ಪಗಿನದೆಲ್ಲ ಬಿಳಿಯಾಗಿ ಮೂಡುತ್ತದೆ.  ಅದನ್ನು ಮನಸ್ಸಿನಲ್ಲೇ ತಿರುವಿ ಓದುವುದು ಅವನಿಗೆ ಅಭ್ಯಾಸ. ಮೊದಲು ಮೂಡಿದ್ದು ರೆಕ್ಕೆ. ಎರಡೂ ರೆಕ್ಕೆ ಪೂರ್ತಿ ಬಿಚ್ಚಿ ಇಳಿಬಿಟ್ಟು ಕೊಕ್ಕರೆ ನಿಂತಿತ್ತು, ಹಾರುವುದಕ್ಕಲ್ಲ. ನೆತ್ತಿಯ ಮೇಲಿನ ಬಿಸಿಲನ್ನೆಲ್ಲ ತನ್ನ ಬೆನ್ನಿನ ಮೇಲೆ ಹೊತ್ತು, ಕೆಳಗಿದ್ದ ಮೂರು ಮರಿಗಳಿಗೆ ನೆರಳು ಹಿಡಿದಿತ್ತು. ರೆಕ್ಕೆಯ ಗರಿಗಳ ಮೂಲಕ ಸೋಸಿ ಇಳಿದ ಬೆಳಕು ಮರಿಗಳ ಬೋಳು ತಲೆಯ ಮೇಲೆ ಬಿದ್ದಿತ್ತು. ತಾಯಿಯ ಕೊಕ್ಕು ಸೆಕೆಗೆ ತುಸು ತೆರೆದಿತ್ತು. ಮುಖದಲ್ಲಿ ಆಯಾಸ ಇತ್ತು. ಕೊಕ್ಕರೆಗೆ ಮುಖ ಇತ್ತು! ಅದು ಮಧ್ಯಾಹ್ನದಲ್ಲಿ ಮಾತ್ರ ಬರುವಂಥದು, ಬೆಳಗಿನ ಚೆಂದದ ಬೆಳಕಿನಲ್ಲಿ ಎಂದೂ ಬರುವಂಥದಲ್ಲ.

ಕಸ್ತೂರಿರಂಗ ತಪ್ಪು ಹುಡುಕಿದ. ತಪ್ಪು ಇತ್ತು. ಮೂಲೆಯಲ್ಲಿ ಮಾಯಮ್ಮ ಒಣಹಾಕಿದ್ದ ಮೆಣಸಿನಕಾಯಿ ಚಾಪೆಯ ಅಂಚು ಸೇರಿಕೊಂಡಿತ್ತು. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸಮಾಧಾನ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. ತಾನು ಮಾಳಿಗೆ ಹತ್ತಿದ್ದರೆ ಏನು ತೆಗೆಯುತ್ತಿದ್ದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಡ್ಡಲಾಗಿ ನಿಂತು ಕತ್ತೆತ್ತಿದ ಒಂದು ಸುಂದರವಾದ ಹಕ್ಕಿ, ಗೋಡೆಯ ಮೇಲಿನ ಉಳಿದ ಹಕ್ಕಿಗಳ ಹಾಗೆಯೇ. ಅವನಿಗೆ ಸಂತೋಷವಾಯಿತು, ಹೊಟ್ಟೆಕಿಚ್ಚಾಯಿತು, ಇಷ್ಟು ವರ್ಷ ಮನೆಯೊಳಗೇ ಇದ್ದ ಒಂದು ಕಣ್ಣು ತನಗೆ ಕಾಣದೇ ಹೋಯಿತೆಂದು ನಾಚಿಕೆಯೂ ಆಯಿತು. ಮೂರೂ ಒಟ್ಟಿಗೆ ಬಂದದ್ದರಿಂದ ಅವನಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದ. ಬಾಗಿಲು ತೆರೆದು, "ಮೆಣಸಿನಕಾಯಿ ಯಾಕೆ ಸೇರಿಸಿದೆ?" ಎಂದು ಗದರಿದ.

"ಅವಳ ತವರುಮನೆ ಅಲ್ವೇ? ಇರಲಿ ಅಂತ" ಎಂದಳು ಚೂಡಾಮಣಿ, ಒಲೆ ಊದುತ್ತ.

ಪಟ ಅಚ್ಚು ಹಾಕಿ ಕಟ್ಟು ಹಾಕಿಸಲು ಕೊಟ್ಟಾಗ ಹಮೀದ್ ಅದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ. "ಪಾಪ, ಅದರ ಬೆನ್ನು ಎಷ್ಟು ಸುಡ್ತಿರಬೇಕು" ಎಂದ. ಅವನ ಅಂಗಡಿಗೆ ಬಂದವರೂ ನೋಡಿದರು. ಯಾರಿದ್ದಾರೆ ಎಂದು ಒಬ್ಬರೂ ಕೇಳಲಿಲ್ಲ. ಒಬ್ಬ ಅಜ್ಜಿ ಮರಿಗಳಿಗೆ ಕೈ ತೋರಿಸಿ ಲಟಿಕೆ ಮುರಿದಳು. ಎರಡು ದಿನದಲ್ಲಿ ಸುದ್ದಿ ಪೇಟೆಯೆಲ್ಲ ಹಬ್ಬಿತು. ಇಷ್ಟು ವರ್ಷ ಬಾಯಿ ಚಪ್ಪರಿಸಿದವರೆಲ್ಲ ಅಂಗಡಿಗೆ ಬಂದು, "ಕೊನೆಗೂ ಗೆದ್ಬುಟ್ರಿ ಅಯ್ನೋರೆ" ಎಂದು ಕೈ ಮುಗಿದರು. ಅವನು ಯಾವುದಕ್ಕೆ ಕಾದಿದ್ದನೋ ಅದೇ ಬಂದಿತ್ತು, ನುಂಗಲಾಗದ ಹಾಗೆ ಬಂದಿತ್ತು.

"ಕೆಳಗೆ ನಿಮ್ಮ ಹೆಸರು ಬರೀಲಾ? ಬಂಗಾರದ ಬಣ್ಣದಲ್ಲಿ?" ಎಂದು ಹಮೀದ್ ಕೇಳಿದ.

"ಆಮೇಲೆ ನೋಡೋಣ" ಎಂದು ಕಸ್ತೂರಿರಂಗ ಸಿಡುಕಿದ.

ಚೂಡಾಮಣಿಯಾದರೂ ಒಂದು ಮಾತು ಆಡಬೇಕಲ್ಲ? ಪಟ ನನ್ನದು ಎಂದು ಜಗಳಕ್ಕೆ ನಿಂತಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು. ಜಗಳದಲ್ಲಿ ಅವನು ಯಾವತ್ತೂ ಸೋತವನಲ್ಲ. ಅವಳು ಯಥಾಪ್ರಕಾರ ಕಿಟಕಿಯ ಹತ್ತಿರ ಕೂತು ಒಬ್ಬ ಗುಮಾಸ್ತನ ಕೋರೆಹಲ್ಲು ಸರಿಮಾಡುತ್ತಿದ್ದಳು.

"ನಾಳೆ ಮಂಡ್ಯಕ್ಕೆ ಪಟ ಕೊಡೋಕೆ ಹೋಗ್ತೀನಿ. ನಿನಗೆ ಏನೂ ಅನ್ನಿಸೋಲ್ವೇನೆ?"

"ಏನು ಅನ್ನಿಸಬೇಕು? ಅಂಗಡಿ ನಿಮ್ಮದು, ಕ್ಯಾಮೆರಾ ನಿಮ್ಮದು, ಪ್ಲೇಟೂ ನಿಮ್ಮದು."

"ಒತ್ತಿದ್ದು?"

"ನನ್ನ ಕೈಯಲ್ಲಿ ಒತ್ತಿಸಿದ್ದು ಆ ಮಾಯಮ್ಮ" ಎಂದು ಅವಳು ನಕ್ಕು ಪೆನ್ಸಿಲ್ ಕೆತ್ತಿಕೊಂಡಳು.

ಇಂಥ ಹೆಂಗಸಿನ ಜೊತೆ ಏನು ಮಾಡುವುದು? ಅವನು ಪಟವನ್ನು ಗೋಡೆಗೆ ಒರಗಿಸಿ ಎದುರಿಗೆ ಕೂತ. ಹೆಸರು ತನ್ನದೆಂದು ಹೇಳಿದರೆ ತಡೆಯುವವರು ಯಾರೂ ಇಲ್ಲ. ಮಾಯಮ್ಮ ಮಂಡ್ಯಕ್ಕೆ ಬರುವುದಿಲ್ಲ. ಹಮೀದ್ ಬಾಯಿ ಬಿಡುವುದಿಲ್ಲ. ಇವಳಂತೂ ಬಿಡುವವಳೇ ಅಲ್ಲ. ಬೇರೆಯವರ ಹೆಸರು ಹೇಳಿದರೋ, ಕೊಕ್ಕರೆ ಅಯ್ಯಂಗಾರಿ ಜನ್ಮವೆಲ್ಲ ಕೆಸರು ತುಳಿದ, ಹೆಂಡತಿ ಒಂದೇ ದಿನ ಮಾಳಿಗೆ ಹತ್ತಿ ಹೊಡೆದಳು ಎಂದು ಊರು ಆಡಿಕೊಳ್ಳುವುದು ಖಂಡಿತ. ಇನ್ನೊಂದು ಇಂಥ ಪಟ ತನಗೆ ಸಿಗುವುದಿಲ್ಲವೆಂಬುದೂ ಅಷ್ಟೇ ಖಂಡಿತ. ಬೆಳಿಗ್ಗೆ ಎದ್ದು, "ನೀನೂ ಹೊರಡು" ಎಂದಷ್ಟೇ ಹೇಳಿದ. ಯಾಕೆಂದು ಕೇಳಿದ್ದಕ್ಕೆ, "ಹೊರಡು ಅಂದ್ರೆ ಹೊರಡು" ಎಂದು ರೇಗಿದ.

ಮಂಡ್ಯದಲ್ಲಿ ಪ್ರದರ್ಶನಕ್ಕೆಂದು ದೊಡ್ಡ ತಗಡಿನ ಚಪ್ಪರ ಹಾಕಿದ್ದರು. ಸಾಮಾನು ಒಪ್ಪಿಸುವವರ ಸಾಲು ಬಾಗಿಲ ಹೊರಗೂ ಬೆಳೆದಿತ್ತು. ಮುಂದಿನವನು ಆಳೆತ್ತರದ ಕಬ್ಬಿನ ಜಲ್ಲೆ ಹಿಡಿದಿದ್ದ, ಹಿಂದಿನವನು ತಲೆಯ ಮೇಲೆ ಒಂದು ದೊಡ್ಡ ಕುಂಬಳಕಾಯಿ ಹೊತ್ತಿದ್ದ. ಆ ಗದ್ದಲದಲ್ಲಿ ಮೇಜಿನ ಹಿಂದೆ ಕೂತ ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಕೂಗುತ್ತಿದ್ದ. ಪಟವನ್ನು ನೋಡಿ ಒಂದು ಕ್ಷಣ ಅವನೂ ಬೀಸಣಿಗೆ ನಿಲ್ಲಿಸಿದ.

"ಭೇಷ್. ತೆಗೆದವರ ಹೆಸರು?"

ಕಸ್ತೂರಿರಂಗ ಪಕ್ಕಕ್ಕೆ ಕೈ ತೋರಿಸಿದ. "ಇವಳು."

"ಇವಳು ಅಂತ ಬರೆಯೋಕಾಗುತ್ಯೇ? ಹೆಸರು ಹೇಳಿ ಸ್ವಾಮಿ."

"ನಮ್ಮ ಮನೆಯವರು."

"ಏನೂಂದ್ರೆ, ಬೇಡ" ಎಂದು ಚೂಡಾಮಣಿ ಅವನ ಉತ್ತರೀಯದ ತುದಿ ಹಿಡಿದು ಎಳೆದಳು. ಕುಂಬಳಕಾಯಿಯವನು ಹಿಂದಿನಿಂದ, "ಬಿರ್‍ರನೆ ಏಳಿ ಸಾಮಿ, ಕತ್ತು ಮುರೀತಾ ಅದೆ" ಎಂದ.

ಮದುವೆಯ ದಿನ ಮನೆ ತುಂಬಿಸಿಕೊಳ್ಳುವಾಗ ಹೊಸಿಲಿನ ಮೇಲೆ ತಡೆದು ಹೆಂಗಸರು ಬಲವಂತವಾಗಿ ಹೇಳಿಸಿದಾಗ ಕಸ್ತೂರಿರಂಗ ಆ ಹೆಸರನ್ನು ಒಂದೇ ಒಂದು ಸಲ ಗೊಣಗಿದ್ದ. ಆಮೇಲೆ ಅದು ಅವನ ಬಾಯಿಂದ ಬಂದಿರಲಿಲ್ಲ. ಆ ಹೆಸರು ಹಿಡಿದು ಅವಳನ್ನು ಕರೆಯುತ್ತಿದ್ದದ್ದು ತವರಿನವರು ಮಾತ್ರ. ಲೇ, ಇವಳೇ, ಕೇಳಿಸ್ತೇನೆ, ಇಷ್ಟರಲ್ಲೇ ಸಂಸಾರ ಸಾಗಿತ್ತು. ಎಲ್ಲರ ಮನೆಯಲ್ಲೂ ಸಾಗುತ್ತಿದ್ದದ್ದು ಹಾಗೆಯೇ. ಈಗ ಗುಮಾಸ್ತನ ಕಡೆ ಬಗ್ಗಿದ. ಮೆತ್ತಗೆ, ಗಂಟಲಿನೊಳಗೇ ಹೇಳಿದ.

"ಏನು? ಚೂಡಯ್ಯಾನಾ?" ಎಂದು ಕೇಳಿದ ಗುಮಾಸ್ತ ಉತ್ತರಕ್ಕೂ ಕಾಯದೆ ಲೇಖನಿ ಊರಿದ.

ಕಸ್ತೂರಿರಂಗನಿಗೆ ಎಲ್ಲಿತ್ತೋ ಸಿಟ್ಟು, ಎದೆಯೊಡೆದು ಬಂತು. ಎರಡೂ ಕೈಯಿಂದ ಮೇಜು ಗುದ್ದಿದ.

"ಚೂಡಯ್ಯ ಅಲ್ಲ ಕಣಯ್ಯ! ಚೂಡಾಮಣಿ! ಚೂಡಾಮಣಿ! ನನ್ನ ಹೆಂಡತಿ!"

ತಗಡಿನ ಚಪ್ಪರ ಪೂರ್ತಿ ಅದನ್ನು ಕೇಳಿತು. ಕಬ್ಬಿನವನು ತಿರುಗಿದ, ಕುಂಬಳಕಾಯಿಯವನು ಕತ್ತಿನ ನೋವು ಮರೆತ. ಚೂಡಾಮಣಿ ಮಾತ್ರ, ತನ್ನ ತವರಿನ ಕಡೆಯವರು ಯಾರೋ ಬಂದು ಕರೆದರೆಂದು ತಿಳಿದು, ಗಂಡನ ಮುಖ ಬಿಟ್ಟು ಬಾಗಿಲಿನ ಕಡೆ ನೋಡಿದಳು.